ಸೂರ್ಯನ ಕಲೆಗೂ ನಮ್ಮ ಬರಕ್ಕೂ ನಂಟು ಇದೆಯಾ? ಮನೆಯಲ್ಲೇ ಕೂತು ಪರೀಕ್ಷಿಸುವ ಬಗೆ

ತಿಕೋಟಾ ಹತ್ತಿರ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಮಾರ್ಚ್‌ನಲ್ಲಿ ಅವರ ಒಣದ್ರಾಕ್ಷಿ ಶೆಡ್ಡಿಗೆ ಹೋದರೆ ಮಾತೆಲ್ಲ ಆಕಾಶದ್ದೇ. ಒಂದು ಅಡ್ಡಮಳೆ ಬಂದರೂ ಹಣ್ಣು ಕಪ್ಪಾಗುತ್ತದೆ, ದರ ಬೀಳುತ್ತದೆ. ಹಾಗೆ ಕೂತಿದ್ದಾಗ ಒಂದು ಸಂಜೆ ಕಾಕಾ ಶುರು ಮಾಡಿದರು.

"ನೋಡಪಾ, ಸೂರ್ಯಾನ ಮ್ಯಾಲಿನ ಕಲಿ ಕಡಿಮಿ ಆದಾಗೊಮ್ಮಿ ಬರ ಬಿದ್ದದ. 1965 ತೊಗೋ, 1987 ತೊಗೋ, 2009 ತೊಗೋ. ಇನ್ನೇನ್ ಬೇಕು ನಿನಗ?"

ಮೂರೂ ವರ್ಷ ಸರಿ. ಸೂರ್ಯನ ಕಲೆಗಳು, ಅಂದರೆ ಸೂರ್ಯನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳು, ತೀರ ಕಡಿಮೆಯಾದದ್ದು 1964, 1986 ಮತ್ತು 2008ರಲ್ಲಿ. ಮರುವರ್ಷವೇ ದೇಶಕ್ಕೆ ಬರ. ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಆದರೂ ಅಲ್ಲಿ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಹೇಗೆ ಹಾಕಿದೆ ಅಂತ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಒಂದು ನೋಟ್‌ಬುಕ್ಕು, ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಕೊನೆಯ ಭಾಗಕ್ಕೆ ಸ್ವಲ್ಪ ಪೈಥಾನ್ ಬಂದರೆ ಒಳ್ಳೆಯದು.

ಇದು ಹೊಸ ಮಾತೇನಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. ಜನ ಊರು ಬಿಟ್ಟು ಹೋದರು. 1877ರಲ್ಲೇ ಡಬ್ಲ್ಯೂ. ಡಬ್ಲ್ಯೂ. ಹಂಟರ್ ಎಂಬ ಬ್ರಿಟಿಷ್ ಅಧಿಕಾರಿ ಮದರಾಸಿನ ಮಳೆ ಲೆಕ್ಕವನ್ನು ಸೂರ್ಯನ ಕಲೆಗಳ ಪಕ್ಕ ಇಟ್ಟು, ಕಲೆ ಕಡಿಮೆಯಾದಾಗ ಮಳೆ ಕಡಿಮೆ ಅಂತ ಬರೆದ. ಕಾಕಾ ಹೇಳಿದ್ದೂ ಅದೇ.

ಹಂತ 1: ಡೇಟಾ ಮುಟ್ಟುವ ಮೊದಲು ಪ್ರಶ್ನೆ ಬರೆದಿಡಿ

ಒಂದು ಹಾಳೆಯ ಮೇಲೆ ತಾರೀಖು ಹಾಕಿ ಪ್ರಶ್ನೆ ಬರೆಯಿರಿ. ಯಾವ ಮಳೆ? ಎಲ್ಲಿಯದು? ಯಾವ ತಿಂಗಳು? ಸೂರ್ಯನ ಯಾವ ಅಳತೆ? ಅದೇ ವರ್ಷದ್ದೋ, ಹಿಂದಿನ ವರ್ಷದ್ದೋ? ಕಲೆ ಹೆಚ್ಚಾದರೆ ಮಳೆ ಹೆಚ್ಚುತ್ತದೆ ಅನ್ನುತ್ತೀರೋ, ಕಡಿಮೆಯಾಗುತ್ತದೆ ಅನ್ನುತ್ತೀರೋ?

ಇದು ಶಾಸ್ತ್ರಕ್ಕೆ ಮಾಡುವ ಕೆಲಸ ಅನ್ನಿಸಬಹುದು. ಅಲ್ಲ. ಮುಂದೆ ನೀವು ಮಾಡುವ ಪ್ರತಿ ಲೆಕ್ಕದ ಬೆಲೆ ಈ ಹಾಳೆಯ ಮೇಲೇ ನಿಂತಿದೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲೂ ಸೆಪ್ಟೆಂಬರ್‌ನದೇ ದೊಡ್ಡ ಪಾಲು. ಹಿಂಗಾರಿ ಜೋಳ ಬಿತ್ತುವುದು ಆ ಹಸಿಯ ಮೇಲೆ. ಹಾಗಾಗಿ ಜೂನ್–ಸೆಪ್ಟೆಂಬರ್ ಎಣಿಸಬೇಕೋ, ಅಕ್ಟೋಬರ್ ಕೂಡ ಸೇರಿಸಬೇಕೋ ಅಂತ ಮೊದಲೇ ತೀರ್ಮಾನ ಮಾಡಿ. ಉತ್ತರ ನೋಡಿದ ಮೇಲೆ ಅಕ್ಟೋಬರ್ ಸೇರಿಸುವುದು ಮೋಸ. ನಮಗೆ ನಾವೇ ಮಾಡಿಕೊಳ್ಳುವ ಮೋಸ ಅಷ್ಟೇ, ಆದರೂ ಮೋಸ.

ಹಂತ 2: ಡೇಟಾ ತನ್ನಿ, ತಂದ ಮೇಲೆ ಅನುಮಾನಪಡಿ

ಸೂರ್ಯನ ಕಲೆಗಳ ಸಂಖ್ಯೆ ಬ್ರಸೆಲ್ಸ್‌ನ ರಾಯಲ್ ವೀಕ್ಷಣಾಲಯದ ಸಿಲ್ಸೋ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. 1700ರಿಂದ ಇಲ್ಲಿಯವರೆಗಿನ ವಾರ್ಷಿಕ ಸರಾಸರಿ ಅಲ್ಲಿದೆ. ಈ ಸಂಖ್ಯೆ ಬರೀ ಕಲೆಗಳ ಎಣಿಕೆ ಅಲ್ಲ. ರುಡಾಲ್ಫ್ ವುಲ್ಫ್ ಎಂಬ ಸ್ವಿಸ್ ಖಗೋಳಜ್ಞ ಹಾಕಿಕೊಟ್ಟ ಸೂತ್ರ ಇದು: ಕಲೆಗಳ ಗುಂಪುಗಳನ್ನು 10ರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಬೇಕು. 3 ಗುಂಪು, ಒಟ್ಟು 12 ಕಲೆ ಕಂಡರೆ ಆ ದಿನದ ಸಂಖ್ಯೆ 42. ನೋಡುವವರಿಗೂ ದೂರದರ್ಶಕಕ್ಕೂ ತಕ್ಕ ಹಾಗೆ ಇದನ್ನು ಇನ್ನೊಂದು ಗುಣಕದಿಂದ ಸರಿಹೊಂದಿಸುತ್ತಾರೆ.

ಇಲ್ಲೊಂದು ಗುಂಡಿ ಇದೆ. 2015ರ ಜುಲೈನಲ್ಲಿ ಇಡೀ ಪಟ್ಟಿಯನ್ನು ಪರಿಷ್ಕರಿಸಿದರು. ಹಳೆಯ ಪಟ್ಟಿಯಲ್ಲಿ 0.6ರಿಂದ ಗುಣಿಸುವ ರೂಢಿ ಇತ್ತು, ಹೊಸದರಲ್ಲಿ ಅದನ್ನು ತೆಗೆದರು. ಅಂದರೆ ಹೊಸ ಸಂಖ್ಯೆಗಳು ಹಳೆಯವಕ್ಕಿಂತ ಸಾಕಷ್ಟು ದೊಡ್ಡವು. ಹಳೆಯ ಪುಸ್ತಕದ ಅಂಕಿಗೆ ಹೊಸ ಅಂಕಿ ಜೋಡಿಸಿದರೆ, 2015ರ ನಂತರ ಸೂರ್ಯ ಏಕಾಏಕಿ ಚುರುಕಾದ ಹಾಗೆ ಕಾಣುತ್ತದೆ.

ಮಳೆಗೆ ಎರಡು ದಾರಿ. ಇಡೀ ದೇಶದ ಮುಂಗಾರಿನ ಲೆಕ್ಕ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 1871ರಿಂದ ಇದೆ. ನಮ್ಮ ಜಿಲ್ಲೆಯದೇ ಬೇಕಾದರೆ ಭಾರತ ಹವಾಮಾನ ಇಲಾಖೆಯ (ಐಎಂಡಿ) ಗ್ರಿಡ್ ಮಳೆ ಡೇಟಾ ಇದೆ. ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಹೆಚ್ಚಿ, 1901ರಿಂದ ದಿನದಿನದ ಮಳೆ ಕೊಟ್ಟಿದ್ದಾರೆ.

ಮೊದಲ ಸಲ ಆ ಫೈಲು ತೆರೆದಾಗ ನಾನು ಮಂಗ್ಯಾ ಆಗಿದ್ದೆ. ಒಂದು ಚೌಕದ ಸರಾಸರಿ ತೆಗೆದರೆ ಮಳೆ ಮೈನಸ್‌ನಲ್ಲಿ ಬಂತು! ಡೇಟಾ ಇಲ್ಲದ ಕಡೆ −999 ಅಂತ ತುಂಬಿರುತ್ತಾರೆ. ಅದನ್ನೂ ಮಳೆ ಅಂದುಕೊಂಡು ಕೂಡಿಸಿದ್ದೆ. ಮೈನಸ್ ಬಂದದ್ದಕ್ಕೆ ಗೊತ್ತಾಯಿತು. ಒಂದೆರಡು ದಿನದ್ದು ಮಾತ್ರ ಹೀಗಿದ್ದರೆ ಸರಾಸರಿ ಸ್ವಲ್ಪ ತಗ್ಗಿ, 'ಬರ' ಅಂತ ಕಂಡು, ನನಗೆ ತಿಳಿಯುತ್ತಲೇ ಇರಲಿಲ್ಲ. ಹಾಗಾಗಿ ಲೆಕ್ಕಕ್ಕೆ ಮೊದಲು ಪ್ರತಿ ಕಾಲಂನ ಅತಿ ಚಿಕ್ಕ, ಅತಿ ದೊಡ್ಡ ಸಂಖ್ಯೆ ನೋಡಿ.

ಹಂತ 3: ಪೆನ್ಸಿಲ್ ಪರೀಕ್ಷೆ

ಕಂಪ್ಯೂಟರ್ ಪಕ್ಕಕ್ಕಿಡಿ. ಕಾಕಾನ ಮಾತನ್ನು ಕಾಗದದ ಮೇಲೆ ಒರೆಗೆ ಹಚ್ಚೋಣ. ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡುವುದಾದರೆ ಇದನ್ನೇ ಮಾಡಿ.

ನೆನಪಿನಲ್ಲಿ ಉಳಿದಿರುವ ಹತ್ತು ಬರಗಳನ್ನು ಬರೆದೆ: 1877, 1899, 1918, 1965, 1972, 1979, 1987, 2002, 2009, 2014. ಪಕ್ಕದಲ್ಲಿ ಸೂರ್ಯನ ಲೆಕ್ಕ. ಕಲೆ ತೀರ ಕಡಿಮೆಯಾದ ವರ್ಷಕ್ಕೆ 'ತಗ್ಗು', ತೀರ ಹೆಚ್ಚಾದ ವರ್ಷಕ್ಕೆ 'ದಿಬ್ಬ' ಅನ್ನೋಣ.

ತಗ್ಗು: 1878, 1890, 1902, 1913, 1923, 1933, 1944, 1954, 1964, 1976, 1986, 1996, 2008.

ದಿಬ್ಬ: 1870, 1883, 1894, 1906, 1917, 1928, 1937, 1947, 1958, 1968, 1979, 1989, 2001, 2014.

ಬರದ ವರ್ಷ ತಗ್ಗಿನ ವರ್ಷವೇ ಆಗಿದ್ದರೆ, ಅಥವಾ ಅದರ ಹಿಂದಿನ ಇಲ್ಲವೇ ಮುಂದಿನ ವರ್ಷ ಆಗಿದ್ದರೆ 'ಹತ್ತಿರ' ಅಂತ ಗುರುತು ಹಾಕಿದೆ. 1877, 1965, 1987, 2009: ನಾಲ್ಕು ಬರ ತಗ್ಗಿನ ಹತ್ತಿರ. ಕಾಕಾ ಗೆದ್ದರು ಅಂದುಕೊಳ್ಳುವಷ್ಟರಲ್ಲಿ ದಿಬ್ಬದ ಕಡೆ ಕಣ್ಣು ಹೋಯಿತು. 1918, 1979, 2002, 2014: ಅಲ್ಲೂ ನಾಲ್ಕು! ಎರಡಕ್ಕೂ ಸೇರದವು 1899 ಮತ್ತು 1972 ಮಾತ್ರ.

ಈಗ ಮನಸ್ಸು ಏನು ಮಾಡುತ್ತದೆ ನೋಡಿ. 'ಸೂರ್ಯ ತಗ್ಗಿದರೂ ಬರ, ಉಬ್ಬಿದರೂ ಬರ. ಹತ್ತರಲ್ಲಿ ಎಂಟು!' ಅಂತ ಹೊಸ ಸಿದ್ಧಾಂತ ಹುಟ್ಟುತ್ತದೆ. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಮೈ ಜುಮ್ಮೆಂದಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಸೂರ್ಯನಿಗೂ ಬರಕ್ಕೂ ಏನೂ ನಂಟಿಲ್ಲದಿದ್ದರೆ ಎಷ್ಟು ಬರಬೇಕಿತ್ತು? 1871ರಿಂದ 2015ರವರೆಗೆ 145 ವರ್ಷ. ಅದರಲ್ಲಿ ತಗ್ಗು ಅಥವಾ ದಿಬ್ಬದ 'ಹತ್ತಿರ' ಬೀಳುವ ವರ್ಷಗಳನ್ನು ಎಣಿಸಿದರೆ 79. ಅಂದರೆ 54.5%. ಕಣ್ಣು ಮುಚ್ಚಿ ಯಾವ ವರ್ಷದ ಮೇಲೆ ಬೆರಳಿಟ್ಟರೂ ಅರ್ಧಕ್ಕಿಂತ ಜಾಸ್ತಿ ಸಲ 'ಹತ್ತಿರ'ವೇ ಬರುತ್ತದೆ. ಆ ಲೆಕ್ಕದಲ್ಲಿ ಹತ್ತಕ್ಕೆ ಎಂಟು ಅಥವಾ ಹೆಚ್ಚು ಬೀಳುವ ಸಂಭವ ಸುಮಾರು 9%. ಎಕ್ಸೆಲ್‌ನ ಬೈನಾಮ್ ಡಿಸ್ಟ್ ಸೂತ್ರ ಇದನ್ನು ಕೊಡುತ್ತದೆ. ತೀರ ಅಪರೂಪವೇನಲ್ಲ.

ಆಟ ಇನ್ನೂ ಮುಗಿದಿಲ್ಲ. ಆ ಹತ್ತು ಬರಗಳನ್ನು ಆರಿಸಿದ್ದು ಯಾರು? ನನ್ನ ನೆನಪು. 1871ರ ನಂತರ ಮುಂಗಾರು ಕೈಕೊಟ್ಟ ವರ್ಷಗಳು ಇನ್ನೂ ಇವೆ: 1873, 1901, 1904, 1905, 1911, 1920, 1941, 1951, 1966, 1968, 1974, 1982, 1985, 1986, 2004, 2015. ಇವಕ್ಕೂ ಗುರುತು ಹಾಕಿದೆ. 'ಹತ್ತಿರ' ಬಂದವು ಆರೇ: 1901, 1905, 1968, 1985, 1986, 2015. ಉಳಿದ ಹತ್ತು ದೂರ.

ಒಟ್ಟು 26 ಬರ, 'ಹತ್ತಿರ' ಬಂದದ್ದು 14. ಯಾವ ನಂಟೂ ಇಲ್ಲದಿದ್ದರೆ ಬರಬೇಕಾದದ್ದು 26ರ 54.5%, ಅಂದರೆ 14.2. ಬಂದದ್ದು 14.

ಪೆನ್ಸಿಲ್ ಕೆಳಗಿಟ್ಟೆ. ಇಷ್ಟು ಚೊಕ್ಕವಾಗಿ ಕೂಡುತ್ತದೆ ಅಂತ ನಾನೂ ಎಣಿಸಿರಲಿಲ್ಲ.

ಹಂತ 4: ಕೊರಿಲೇಷನ್, ಮತ್ತು ಅದರ ಹೊಟ್ಟೆಯೊಳಗಿನ ಸುಳ್ಳು

ಬರ–ಬರ ಅಲ್ಲ ಎಂಬ ಎರಡೇ ಗುರುತಿನಲ್ಲಿ ಮಾಹಿತಿ ಸೋರಿ ಹೋಗುತ್ತದೆ. ಮಳೆಯ ಪೂರ್ತಿ ಅಂಕಿ ಬಳಸುವುದಾದರೆ ಕೊರಿಲೇಷನ್, ಅಂದರೆ ಎರಡು ಸಾಲುಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ, ತೆಗೆಯಬೇಕು. ಒಂದು ಕಾಲಂನಲ್ಲಿ ಕಲೆಗಳು, ಇನ್ನೊಂದರಲ್ಲಿ ಮಳೆ, ಕೊರೆಲ್ ಸೂತ್ರ. −1 ಮತ್ತು +1ರ ನಡುವೆ ಒಂದು ಸಂಖ್ಯೆ ಬರುತ್ತದೆ. 120 ವರ್ಷದ ಡೇಟಾ ಇದ್ದರೆ 0.18 ದಾಟಿದರೆ 'ಸುಮ್ನೆ ಬಂದದ್ದಲ್ಲ' ಅಂತ ಪಠ್ಯಪುಸ್ತಕದ ಕೋಷ್ಟಕ ಹೇಳುತ್ತದೆ.

ಆ ಕೋಷ್ಟಕ ಒಂದು ಮಾತು ನಂಬಿಕೊಂಡಿದೆ: ಪ್ರತಿ ವರ್ಷವೂ ಬೇರೆ ಬೇರೆ ಸಾಕ್ಷಿ. ಸೂರ್ಯ ಹಾಗಿಲ್ಲವಲ್ಲ. ಈ ವರ್ಷ ಕಲೆ ಜಾಸ್ತಿ ಇದ್ದರೆ ಮುಂದಿನ ವರ್ಷವೂ ಜಾಸ್ತಿ ಇರುವುದೇ ಹೆಚ್ಚು. ಒಂದೇ ಮನೆಯ ಅಣ್ಣತಮ್ಮಂದಿರು ಹತ್ತು ಮಂದಿ ಒಂದೇ ಮಾತು ಹೇಳಿದರೆ ಪಂಚರು ಹತ್ತು ಸಾಕ್ಷಿ ಅಂತ ಎಣಿಸುತ್ತಾರಾ?

ಎಷ್ಟು ನಿಜವಾದ ಸಾಕ್ಷಿ ಅಂತ ತಿಳಿಯಲು ಒಂದು ಸರಳ ಸೂತ್ರ ಇದೆ. ಎರಡೂ ಸಾಲುಗಳಲ್ಲಿ, ಈ ವರ್ಷಕ್ಕೂ ಹಿಂದಿನ ವರ್ಷಕ್ಕೂ ಇರುವ ಕೊರಿಲೇಷನ್ ತೆಗೆಯಿರಿ. ಅವೆರಡನ್ನು ಗುಣಿಸಿ, ಬಂದದ್ದನ್ನು 'ಕ' ಅನ್ನಿ. ವರ್ಷಗಳ ಸಂಖ್ಯೆ × (1 − ಕ) ÷ (1 + ಕ). ಅಷ್ಟೇ.

ಮುಂಗಾರು ಮಳೆಗೆ ವರ್ಷದಿಂದ ವರ್ಷಕ್ಕೆ ನೆನಪು ಬಹಳ ಕಡಿಮೆ, ಅಂದರೆ ಈ ವರ್ಷದ ಮಳೆಗೂ ಹಿಂದಿನ ವರ್ಷದ್ದಕ್ಕೂ ಕೊರಿಲೇಷನ್ ಬಹಳ ಕಡಿಮೆ. ಹಾಗಾಗಿ 120 ಸಾಕ್ಷಿ ಹೆಚ್ಚುಕಡಿಮೆ 120 ಆಗಿಯೇ ಉಳಿಯುತ್ತದೆ. ಆದರೆ ಮಳೆ ತೀರ ಏರಿಳಿಯುತ್ತದೆ ಅಂತ ಗ್ರಾಫ್ ನುಣುಪು ಮಾಡಲು ನೀವು ಐದು ವರ್ಷ, ಹನ್ನೊಂದು ವರ್ಷದ ಸರಾಸರಿ ತೆಗೆದಿರಿ ಅಂದುಕೊಳ್ಳಿ. ಈಗ ಮಳೆಗೂ ನೆನಪು ಬಂತು. ಮಳೆಯದು 0.9, ಕಲೆಗಳದ್ದು 0.8 ಅಂತ ಇಟ್ಟುಕೊಂಡರೆ ಕ ಅಂದರೆ 0.72. ಲೆಕ್ಕ ಹಾಕಿ: 120 × 0.28 ÷ 1.72. ಉಳಿದದ್ದು 20 ಸಾಕ್ಷಿ ಕೂಡ ಇಲ್ಲ! ದಾಟಬೇಕಾದ ಗೆರೆ 0.18ರಿಂದ 0.44ರ ಮೇಲೆ ಹೋಯಿತು. ನುಣುಪು ಮಾಡಿದ ಗ್ರಾಫ್ ಕಣ್ಣಿಗೆ ಚೆಂದ, ಪರೀಕ್ಷೆಗೆ ವಿಷ. ಯಾರಾದರೂ ಎರಡು ನುಣುಪಾದ ಗೆರೆ ತೋರಿಸಿ 'ಹೇಗೆ ಕೂಡಿವೆ ನೋಡಿ' ಅಂದರೆ ಮೊದಲು ಹಸಿ ಡೇಟಾ ಕೇಳಿ. ಹೀಗೆ ನೆನಪಿರುವ ಸಾಲುಗಳು ಸುಳ್ಳು ನಂಟು ತೋರಿಸುತ್ತವೆ ಅಂತ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ಬರೆದಿಟ್ಟಿದ್ದಾರೆ.

ಮಳೆ ಬಿಟ್ಟು ತಾಪಮಾನ ಪರೀಕ್ಷಿಸುವವರು ಇನ್ನೂ ಹುಷಾರಾಗಿರಬೇಕು. ತಾಪಮಾನ ಏರುತ್ತಲೇ ಇದೆ. ಏರುವ ಯಾವ ಗೆರೆಗೂ ಏರುವ ಇನ್ನೊಂದು ಗೆರೆ ಕೂಡುತ್ತದೆ, ಒಣದ್ರಾಕ್ಷಿ ದರ ಬೇಕಾದರೂ ಇಟ್ಟು ನೋಡಿ. ಮೊದಲು ಆ ಏರಿಕೆ ತೆಗೆದು ಆಮೇಲೆ ಕೊರಿಲೇಷನ್ ನೋಡಬೇಕು.

ಹಂತ 5: ಸುಳ್ಳು ಮಳೆ ಹುಟ್ಟಿಸಿ

ಸೂತ್ರದ ಮೇಲೆ ನಂಬಿಕೆ ಇಲ್ಲದವರಿಗೆ (ನನಗೂ ಪೂರ್ತಿ ಇಲ್ಲ) ಇದು ಒಳ್ಳೆಯ ದಾರಿ. ಸೂರ್ಯನ ಸಾಲನ್ನು ಹಾಗೇ ಬಿಡಿ. ಮಳೆಯ ಸಾಲನ್ನು ಇಸ್ಪೀಟ್ ಎಲೆಯ ಹಾಗೆ ಕಲಸಿ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಂಗೆ ರ‍್ಯಾಂಡ್ ಹಾಕಿ ಅದರ ಪ್ರಕಾರ ಸಾರ್ಟ್ ಮಾಡಿದರೆ ಆಯಿತು. ಮತ್ತೆ ಕೊರಿಲೇಷನ್ ತೆಗೆಯಿರಿ. ಇದು ಸೂರ್ಯನಿಗೆ ಸಂಬಂಧವೇ ಇಲ್ಲದ ಮಳೆ. ಪೈಥಾನ್‌ನಲ್ಲಿ ಇದನ್ನು 10,000 ಸಲ ಮಾಡಿ. ಅದರಲ್ಲಿ 700 ಸಲ ನಿಮ್ಮ ನಿಜವಾದ ಕೊರಿಲೇಷನ್‌ಗಿಂತ ದೊಡ್ಡದು ಬಂದರೆ, ನಿಮ್ಮ ಪಿ-ವ್ಯಾಲ್ಯೂ (ನಂಟಿಲ್ಲದಿದ್ದರೂ ಇಷ್ಟು ದೊಡ್ಡದು ಸುಮ್ನೆ ಬರುವ ಸಂಭವ) 7%. ಚಿಹ್ನೆ ಬಿಟ್ಟು ಗಾತ್ರ ಮಾತ್ರ ಹೋಲಿಸಿ. 'ಕಲೆ ಹೆಚ್ಚಾದರೆ ಮಳೆ ಹೆಚ್ಚು' ಅಂತ ಮೊದಲ ಹಾಳೆಯಲ್ಲಿ ಬರೆದಿದ್ದರೆ ಮಾತ್ರ ಒಂದೇ ಕಡೆ ನೋಡಬಹುದು.

ಕಲಸುವುದು ಮಳೆಗೆ ನಡೆಯುತ್ತದೆ. ನೆನಪಿರುವ ತಾಪಮಾನಕ್ಕೆ ನಡೆಯುವುದಿಲ್ಲ, ಕಲಸಿದರೆ ನೆನಪೂ ಹೋಗುತ್ತದೆ. ಅದಕ್ಕೆ ಇಡೀ ಸಾಲನ್ನು ಚಕ್ರದ ಹಾಗೆ ಸರಿಸಬಹುದು, ಕೊನೆಯದು ಮೊದಲಿಗೆ ಬರುವಂತೆ. ಪೈಥಾನ್‌ನ ನಂಪೈ ಲೈಬ್ರರಿಯ ರೋಲ್ ಇದನ್ನೇ ಮಾಡುತ್ತದೆ. ಆದರೆ ಸೂರ್ಯನ ಚಕ್ರ ಸುಮಾರು 11 ವರ್ಷದ್ದು. 11 ವರ್ಷ ಸರಿಸಿದರೆ ಮತ್ತೆ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿರಿ. ಹಾಗಾಗಿ ಇನ್ನೂ ಒಳ್ಳೆಯದು, ಸಾಲನ್ನು ಅಲೆಗಳಾಗಿ ಬಿಡಿಸಿ ಪ್ರತಿ ಅಲೆಯ ಎತ್ತರ ಹಾಗೇ ಇಟ್ಟು, ಅದು ಶುರುವಾಗುವ ಜಾಗ ಮಾತ್ರ ಬದಲಿಸಿ ಮತ್ತೆ ಹೊಲಿಯುವುದು. ಫೋರಿಯರ್ ರೂಪಾಂತರ ಗೊತ್ತಿದ್ದವರಿಗೆ ನಾಲ್ಕು ಸಾಲಿನ ಕೋಡ್.

ಹಂತ 6: ಎಷ್ಟು ಸಲ ಬಲೆ ಬೀಸಿದಿರಿ?

ನಮ್ಮ ಕಡೆ ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಎಣಿಸುತ್ತಾರೆ. ರೋಹಿಣಿಯಿಂದ ಸ್ವಾತಿಯವರೆಗೆ ಹನ್ನೆರಡು. ಒಂದೊಂದನ್ನೂ ಸೂರ್ಯನ ಕಲೆಗಳ ಜೊತೆ ಹೋಲಿಸಿದಿರಿ ಅನ್ನಿ. ಅದೇ ವರ್ಷ, ಒಂದು ವರ್ಷ ತಡ, ಎರಡು, ಮೂರು ವರ್ಷ ತಡ ಅಂತ ನಾಲ್ಕು ಬಗೆ. ಒಟ್ಟು 48 ಪರೀಕ್ಷೆ. ಏನೂ ನಂಟಿಲ್ಲದಿದ್ದರೂ 5% ಗೆರೆಯನ್ನು (ಪಿ-ವ್ಯಾಲ್ಯೂ 5%ಗಿಂತ ಕಡಿಮೆ ಬಂದರೆ 'ಸುಮ್ನೆ ಬಂದದ್ದಲ್ಲ' ಅನ್ನುವುದು ರೂಢಿ) ಸರಾಸರಿ ಎರಡು–ಮೂರು ದಾಟುತ್ತವೆ. 'ಎರಡು ವರ್ಷ ತಡವಾಗಿ ಹುಬ್ಬಿ ಮಳೆಯ ಮೇಲೆ ಸೂರ್ಯನ ಪ್ರಭಾವ' ಅಂತ ತಲೆಬರಹ ಸಿದ್ಧ!

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರು. ಮಳೆಗೂ ಕಲೆಗಳಿಗೂ ಇರುವ ನಂಟನ್ನು ಅವರೂ ಹುಡುಕಿದರು. ಹತ್ತಾರು ಕೊರಿಲೇಷನ್‌ಗಳಲ್ಲಿ ದೊಡ್ಡದನ್ನು ಆರಿಸಿ ತೋರಿಸಿದರೆ, ಅದನ್ನು ಒಂಟಿ ಕೊರಿಲೇಷನ್‌ನ ಅಳತೆಗೋಲಿನಿಂದ ಅಳೆಯಬಾರದು ಅಂತ 1914ರಲ್ಲೇ ಬರೆದರು. ಸುಲಭದ ಉಪಾಯ: 5%ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿ. 48 ಪರೀಕ್ಷೆಗೆ ಗೆರೆ ಸುಮಾರು 0.1%. ಮಾಡಿ ಬಿಟ್ಟ ಪರೀಕ್ಷೆಗಳನ್ನೂ ಎಣಿಸಬೇಕು. ಎಣಿಸದೇ ಇರುವ ಆಸೆ ಬಹಳ ಆಗುತ್ತದೆ.

ಹಂತ 7: ಬೇರೆ ಯಾರಾದರೂ ಅಡಗಿದ್ದಾರಾ?

ಹಂಟರ್‌ನ 1877ಕ್ಕೆ ಬನ್ನಿ. ಆ ವರ್ಷ ಶಾಂತಸಾಗರದಲ್ಲಿ ಅತಿ ಬಲವಾದ ಎಲ್ ನಿನೋ (ಸಾಗರದ ಮೇಲ್ನೀರು ವಾಡಿಕೆಗಿಂತ ಬಿಸಿಯಾಗುವುದು) ಇತ್ತು. ಸೂರ್ಯ ತಗ್ಗಿನ ಹತ್ತಿರ ಇದ್ದದ್ದೂ ನಿಜ, ಆದರೆ ಮುಂಗಾರಿನ ಕತ್ತು ಹಿಸುಕಿದ್ದಕ್ಕೆ ಸಾಕ್ಷಿ ಸಾಗರದ ಕಡೆಗೇ ಹೆಚ್ಚು. (ಎಲ್ ನಿನೋ ಬಂದರೆ ಬರ ಖಚಿತ ಅಂತಲೂ ಅಲ್ಲ. 1997ರಲ್ಲಿ ಭಾರಿ ಎಲ್ ನಿನೋ ಇತ್ತು, ದೇಶದ ಮುಂಗಾರು ಹೆಚ್ಚುಕಡಿಮೆ ಸರಿಯಾಗೇ ಆಯಿತು.)

ತಾಪಮಾನದ ಲೆಕ್ಕದಲ್ಲಿ ಜ್ವಾಲಾಮುಖಿಗಳದ್ದು ದೊಡ್ಡ ತಂಟೆ. ಮೆಕ್ಸಿಕೋದ ಎಲ್ ಚಿಚೋನ್ 1982ರಲ್ಲಿ, ಫಿಲಿಪೈನ್ಸ್‌ನ ಪಿನಾಟುಬೊ 1991ರಲ್ಲಿ ಸಿಡಿದವು. ಎರಡೂ ಸಲ ಸೂರ್ಯನ ದಿಬ್ಬ ಆಗಿ ಎರಡು ಚಿಲ್ಲರೆ ವರ್ಷದೊಳಗೆ. ಬೂದಿ–ಗಂಧಕದ ಮಬ್ಬಿನಿಂದ ಭೂಮಿ ತಣ್ಣಗಾಯಿತು. ಆದರೆ ಸೂರ್ಯ ಇಳಿಯುತ್ತಿದ್ದದ್ದೂ ಅದೇ ಹೊತ್ತು. ಜ್ವಾಲಾಮುಖಿ ಲೆಕ್ಕಕ್ಕೆ ಹಿಡಿಯದವರು ಆ ತಂಪನ್ನು ಸೂರ್ಯನ ಖಾತೆಗೆ ಜಮಾ ಮಾಡುತ್ತಾರೆ. ಪರಿಹಾರ: ರಿಗ್ರೆಷನ್‌ನಲ್ಲಿ (ಹಲವು ಕಾರಣಗಳ ಪಾಲನ್ನು ಬೇರೆ ಬೇರೆ ಮಾಡುವ ಲೆಕ್ಕ) ಸೂರ್ಯ, ಎಲ್ ನಿನೋ, ಜ್ವಾಲಾಮುಖಿ, ಹಸಿರುಮನೆ ಅನಿಲ ನಾಲ್ಕನ್ನೂ ಒಟ್ಟಿಗೆ ಕೂರಿಸಿ, ಉಳಿದ ಮೂರರ ಪಾಲು ಹೋದ ಮೇಲೆ ಸೂರ್ಯನಿಗೆ ಎಷ್ಟು ಉಳಿಯಿತು ನೋಡಬೇಕು.

ಹಂತ 8: ಅರ್ಧ ಡೇಟಾ ಬೀಗ ಹಾಕಿಡಿ

ಆಫ್ರಿಕಾದ ವಿಕ್ಟೋರಿಯಾ ಸರೋವರದ ನೀರಿನ ಮಟ್ಟ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸೂರ್ಯನ ಕಲೆಗಳ ಜೊತೆ ಹೆಜ್ಜೆ ಹಾಕುತ್ತಿತ್ತು. ಎರಡು ಚಕ್ರ ಹಾಗೇ ನಡೆಯಿತು. ವಿಜ್ಞಾನಿಗಳು ನಂಬಿದರು. 1920ರ ದಶಕದ ಕೊನೆಗೆ ಆ ಜೊತೆ ಮುರಿಯಿತು. ಅದಕ್ಕೇ 1901–1970ರ ಡೇಟಾದಲ್ಲಿ ಮಾತ್ರ ಏನು ಬೇಕಾದರೂ ಹುಡುಕಾಡಿ. ಸಿಕ್ಕ ಒಂದೇ ನಂಟನ್ನು, ಅಲ್ಲಿಯವರೆಗೆ ತೆರೆಯದೇ ಇಟ್ಟ 1971ರ ನಂತರದ ಡೇಟಾದಲ್ಲಿ ಒಂದೇ ಸಲ ಪರೀಕ್ಷಿಸಿ.

ಹಂತ 9: ಅಳತೆ ಸರಿಹೊಂದುತ್ತದಾ?

ಸೂರ್ಯನಿಂದ ಭೂಮಿಯ ಹತ್ತಿರ ಬರುವ ಶಾಖ ಚದರ ಮೀಟರಿಗೆ ಸುಮಾರು 1361 ವಾಟ್. 1978ರಿಂದ ಉಪಗ್ರಹಗಳು ಅಳೆಯುತ್ತಿವೆ. ತಗ್ಗಿಗೂ ದಿಬ್ಬಕ್ಕೂ ವ್ಯತ್ಯಾಸ ಸುಮಾರು 1 ವಾಟ್, ಅಂದರೆ 0.1%ಗಿಂತಲೂ ಸ್ವಲ್ಪ ಕಡಿಮೆ. ದುಂಡು ಭೂಮಿಯ ಮೇಲೆ ಹಂಚಿದರೆ ಅದರ ಕಾಲು ಭಾಗ, ಅದರಲ್ಲೂ 30% ವಾಪಸ್ ಹೋಗುತ್ತದೆ. ಉಳಿದದ್ದು 0.2 ವಾಟ್‌ಗಿಂತ ಕಡಿಮೆ. ಇದರಿಂದ ಭೂಮಿಯ ಸರಾಸರಿ ತಾಪಮಾನ 0.1 ಡಿಗ್ರಿಯಷ್ಟು ಏರಿಳಿಯುತ್ತದೆ. ಪರಿಣಾಮ ಇದೆ, ಅಳೆಯಬಹುದು, ಚಿಕ್ಕದು. ನೇರಳಾತೀತ ಕಿರಣಗಳ ಏರಿಳಿತ ಶೇಕಡಾ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು. ಅದು ಓಝೋನ್ ಪದರದ ಮೂಲಕ ಗಾಳಿಯ ಹಾದಿ ಬದಲಿಸಬಹುದು ಅಂತ ಸಂಶೋಧನೆ ನಡೆದಿದೆ. ನಿಮ್ಮ ಲೆಕ್ಕದಲ್ಲಿ ಸೂರ್ಯನಿಂದ ಅರ್ಧ ಡಿಗ್ರಿ ಬಂದರೆ, ಸೂರ್ಯನಿಗಿಂತ ಮೊದಲು ನಿಮ್ಮ ಫೈಲಿನ ಮೇಲೆ ಅನುಮಾನಪಡಿ.

ಉತ್ತರ ಬರೆಯುವ ಬಗೆ

'ನಂಟು ಇಲ್ಲ' ಅಂತ ಬರೆಯಬೇಡಿ. 'ಈ ಡೇಟಾದಲ್ಲಿ ಕಾಣಲಿಲ್ಲ' ಅಂತ ಬರೆಯಿರಿ. ವ್ಯತ್ಯಾಸ ದೊಡ್ಡದು. ನಿಜವಾದ ಕೊರಿಲೇಷನ್ 0.3 ಇದ್ದರೆ ಅದನ್ನು ಹಿಡಿಯಲು (ಐದರಲ್ಲಿ ನಾಲ್ಕು ಸಲ ಹಿಡಿಯುವ ಭರವಸೆ ಬೇಕೆಂದರೆ) ಸುಮಾರು 85 ವರ್ಷದ ಡೇಟಾ ಸಾಕು. 0.2 ಇದ್ದರೆ 190ರ ಮೇಲೆ. 0.1 ಇದ್ದರೆ 783 ವರ್ಷ ಬೇಕು.

ಹಾಳೆಗಳನ್ನು ಮಡಚಿಕೊಂಡು ಮತ್ತೆ ತಿಕೋಟಾಕ್ಕೆ ಹೋದೆ. 26 ಬರದ ಪಟ್ಟಿಯ ಮೇಲೆ ಕಾಕಾ ಬೆರಳಿಟ್ಟು ಒಂದೊಂದಾಗಿ ಎಣಿಸಿದರು. 1972ರ ಮೇಲೆ ಬೆರಳು ನಿಂತಿತು. ಆ ಬರದಲ್ಲಿ ಅವರು ಸಾಲಿ ಬಿಟ್ಟು ಮಡ್ಡಿ ಒಡೆಯುವ ಕಾಮಗಾರಿಗೆ ಹೋಗಿದ್ದರಂತೆ. "ಇದರಾಗ ಕಲಿ ಹೆಂಗಿತ್ತು?" ಅಂದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ನಡುವೆ ಇತ್ತು ಅಂದೆ. ಆಮೇಲೆ 783ರ ಲೆಕ್ಕ ಹೇಳಿದೆ. ಗೋಳಗುಮ್ಮಟಕ್ಕೇ ಇನ್ನೂ ನಾನೂರು ವರ್ಷ ತುಂಬಿಲ್ಲ.

"ಹಂಗಾರ ನೀ ಬರದಿಡು," ಅಂದರು ಕಾಕಾ, ಹಾಳೆ ವಾಪಸ್ ಕೊಡುತ್ತ. "ಮಳಿಮಾಪನದ್ದು ದಿನಾ ನಾ ನೋಡಿ ಹೇಳ್ತೀನಿ."